ಆರನೇ ಮಂಚದ ಕರೆ

ಗಂಡ ಮಾತು ಕಳೆದುಕೊಂಡ ಮೇಲೆ ಅವಳು ದೇವರ ಹತ್ತಿರ ಕೇಳಿಕೊಂಡದ್ದು ಒಂದೇ. ಎದ್ದು ಓಡಾಡಲಿ ಎಂದಲ್ಲ, ಮತ್ತೆ ಕೆಲಸಕ್ಕೆ ಹೋಗಲಿ ಎಂದೂ ಅಲ್ಲ. "ಒಂದೇ ಒಂದು ಮಾತು ಆಡಿಸಪ್ಪಾ ಯೇಸುವೇ. ನನ್ನನ್ನ ಬೈದರೂ ಸರಿ."

ಅವನು ಮನೆಗಳಿಗೆ ಬಣ್ಣ ಬಳಿಯುವವನು. ಮೂರನೇ ಮಹಡಿಯ ಹೊರಗೋಡೆಯ ಹತ್ತಿರ ತಾನು ನಿಂತಿದ್ದ ಹಲಗೆ ಜಾರಿ ಕೆಳಗೆ ಬಿದ್ದಾಗಲೂ ಕೈಯಲ್ಲಿದ್ದ ಬ್ರಷ್ಷನ್ನು ಬಿಟ್ಟಿರಲಿಲ್ಲವಂತೆ. ಮುರಿದ ಕಾಲು ಎರಡು ತಿಂಗಳಲ್ಲಿ ಕೂಡಿಕೊಂಡಿತು. ತಲೆಯೊಳಗಿನ ಪೆಟ್ಟು ಮಾಯಲಿಲ್ಲ. ಮುಚ್ಚಿದ ಕಣ್ಣು ಮುಚ್ಚಿಯೇ ಇತ್ತು. ಮೂಗಿನ ನಳಿಗೆಯಲ್ಲಿ ಊಟ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾವಣೆ, ಅಷ್ಟೇ ಅವನ ಬದುಕಾಯಿತು. ಗಂಡಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಆರನೇ ಮಂಚ ಅವನದು.

ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳು ಹನ್ನೊಂದು ವರ್ಷದಿಂದ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಆಳೆತ್ತರದ ನಾಲ್ಕು ಯಂತ್ರಗಳು, ಮೈಗೆ ತಾಗಿದರೆ ಬೊಬ್ಬೆ ಏಳಿಸುವ ಹಬೆಯ ಪೈಪುಗಳು, ಮೂಲೆಯಲ್ಲೊಂದು ಮಡಚುವ ಮೇಜು. ಮೇಲಿನ ಮಹಡಿಗಳಿಂದ ಬಟ್ಟೆಯ ಚೀಲಗಳು ಗೋಡೆಯೊಳಗಿನ ತಗಡಿನ ಕೊಳವೆಯಲ್ಲಿ ಜಾರಿ ಬಂದು ಧೊಪ್ಪೆಂದು ಬೀಳುತ್ತಿದ್ದವು. ದಿನದ ಬಟ್ಟೆಗೆ ಬಿಳಿ ಚೀಲ. ಯಾರಾದರೂ ತೀರಿಕೊಂಡರೆ ಅವರ ಹಾಸಿಗೆಯ ಬಟ್ಟೆ ಹಳದಿ ಚೀಲದಲ್ಲಿ, ಮಂಚದ ನಂಬರಿನ ಚೀಟಿ ಕಟ್ಟಿಕೊಂಡು ಬರುತ್ತಿತ್ತು. ಅದನ್ನು ಕೊನೆಯ ಯಂತ್ರದಲ್ಲಿ ಬೇರೆಯಾಗಿ ಒಗೆಯಬೇಕು.

ಮೂರು ಗಂಟೆಗೆ ಅವಳ ಪಾಳಿ ಮುಗಿಯುತ್ತಿತ್ತು. ಕೈಕಾಲು ತೊಳೆದು ಮೇಲೆ ಹೋಗಿ ಗಂಡನ ಪಕ್ಕ ಕೂತರೆ ಬಾಯಿಗೆ ಬಿಡುವಿಲ್ಲ. ಯಾವ ಯಂತ್ರ ಕೆಟ್ಟಿತು, ಮೇಲ್ವಿಚಾರಕಿ ಯಾರ ಮೇಲೆ ರೇಗಿದಳು, ಅತ್ತೆ ಬೆಳಿಗ್ಗೆ ಏನೆಂದು ಗೊಣಗಿದರು, ಎಲ್ಲವನ್ನೂ ಒಪ್ಪಿಸುತ್ತಿದ್ದಳು. ಮೊದಲಿನಿಂದಲೂ ಅವಳ ಸ್ವಭಾವವೇ ಹಾಗೆ. ಮದುವೆಯಾದ ವಾರದಲ್ಲೇ ಅವನು ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದ. ಬೇರೆ ಯಾರೆದುರೂ ಹಾಗೆ ಕರೆಯುತ್ತಿರಲಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಮಾತ್ರ, "ರೇಡಿಯೋ, ಸ್ವಲ್ಪ ಸೌಂಡ್ ಕಮ್ಮಿ ಮಾಡೇ" ಎನ್ನುತ್ತಿದ್ದ.

ಹೀಗೆ ಐದು ತಿಂಗಳು ಕಳೆದವು. ಆರನೇ ತಿಂಗಳ ಒಂದು ಸೋಮವಾರ, ನೋಡಲು ಬಂದವರೆಲ್ಲ ಹೋಗಿ ವಾರ್ಡು ಮೌನವಾಗಿದ್ದಾಗ, ಹೊದಿಕೆಯ ಮೇಲಿದ್ದ ಅವನ ಬಲಗೈ ಅಲುಗಿತು. ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ. ಗೋಡೆಗೆ ಬಣ್ಣ ಎಳೆಯುವ ಹಾಗೆಯೇ, ಒಂದೇ ಸಮನಾಗಿ. ಅವಳ ಮಾತು ಅರ್ಧಕ್ಕೇ ನಿಂತಿತು. ಗೋಡೆ ಗಡಿಯಾರದಲ್ಲಿ ಮೂರು ಹತ್ತು.

ಆಮೇಲೆ ಅವನ ತುಟಿ ಬಿಚ್ಚಿತು.

"ಅಂಚೆಯಜ್ಜಾ, ಹೆದರಬೇಡ. ನಾನು ಜೊತೆಗಿದ್ದೀನಿ."

ಕೈ ನಿಂತಿತು. ಅವಳು ಅಳುತ್ತಾ ನಗುತ್ತಾ ಓಡಿಹೋಗಿ ಹಿರಿಯ ನರ್ಸನ್ನು ಕರೆತಂದಳು. "ಮಾತಾಡಿದ್ರು ಸಿಸ್ಟರ್! ಸ್ಪಷ್ಟವಾಗಿ ಮಾತಾಡಿದ್ರು!" ನರ್ಸು ಅವನ ರೆಪ್ಪೆ ಎತ್ತಿ ಟಾರ್ಚು ಬಿಟ್ಟು ನೋಡಿದಳು, ಹೆಸರು ಹಿಡಿದು ಕೂಗಿದಳು. ಏನೂ ಇಲ್ಲ. ನಾಲ್ಕನೇ ಮಂಚದಲ್ಲಿ ಮಲಗಿದ್ದ, ಹಿಂದೆ ಅಂಚೆ ಹಂಚುತ್ತಿದ್ದ ಮುದುಕ ಮಾತ್ರ ಕತ್ತು ಎತ್ತಿ, "ನನ್ನ ಯಾಕಪ್ಪಾ ಕರೆದೆ?" ಎಂದು ಕೇಳಿದ.

ಮನೆಗೆ ಹೋಗುವ ದಾರಿಯಲ್ಲಿ ಅವಳ ಸಂತೋಷ ನಿಧಾನವಾಗಿ ತಣ್ಣಗಾಯಿತು. ಆ ಧ್ವನಿ ಗಂಡನದೇ, ಅನುಮಾನವಿಲ್ಲ. ಆದರೆ ಬಣ್ಣದ ಧೂಳು ಕುಡಿದು ಕುಡಿದು ಅವನ ಗಂಟಲು ಸದಾ ಒಡೆದಿರುತ್ತಿತ್ತು. ಇದು ಒಡೆದಿರಲಿಲ್ಲ. ಸಾಮಾನು ತೆಗೆದ ಖಾಲಿ ಮನೆಯ ಒಳಕೋಣೆಯಿಂದ ಯಾರೋ ಮಾತಾಡಿದಂತೆ ಇತ್ತು. ಇನ್ನೊಂದು ಸಂಗತಿ ಅವಳಿಗೆ ಬೀದಿಯ ಮಧ್ಯದಲ್ಲಿ ಹೊಳೆದು ಕಾಲು ನಿಂತುಬಿಟ್ಟಿತು. ಅಷ್ಟು ಮಾತು ಆಡುವಾಗ ಅವನ ಎದೆ ಏರಿಳಿದಿರಲಿಲ್ಲ.

ಮರುದಿನ ಮಧ್ಯಾಹ್ನ ಕೊಳವೆಯಲ್ಲಿ ಹಳದಿ ಚೀಲವೊಂದು ಬಿತ್ತು. ಚೀಟಿಯಲ್ಲಿ ನಾಲ್ಕು ಎಂದಿತ್ತು.

ಮುದುಕನಿಗೆ ವಯಸ್ಸಾಗಿತ್ತು, ಎದೆಯಲ್ಲಿ ನೀರು ತುಂಬಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಂಟು ದಿನದ ಮೇಲೆ ಅದೇ ಹೊತ್ತಿಗೆ ಕೈ ಮತ್ತೆ ಬಣ್ಣ ಎಳೆಯಿತು. ಈ ಸಲ ಒಂಬತ್ತನೇ ಮಂಚದ ಲಾರಿ ಡ್ರೈವರು. ಗುರುವಾರ ಮನೆಗೆ ಹೋಗಬೇಕಿದ್ದವನು. "ಡ್ರೈವರಣ್ಣಾ, ಹೆದರಬೇಡ. ನಾನು ಜೊತೆಗಿದ್ದೀನಿ." ಬುಧವಾರ ಬೆಳಿಗ್ಗೆ ಹಲ್ಲುಜ್ಜಲು ಎದ್ದ ಡ್ರೈವರು ಮಂಚದ ಪಕ್ಕದಲ್ಲೇ ಕುಸಿದ. ಕಾಲಿನ ರಕ್ತ ಹೆಪ್ಪುಗಟ್ಟಿ ಎದೆಗೆ ಏರಿತ್ತು ಎಂದರು.

"ಪ್ರಜ್ಞೆ ಇಲ್ಲದವರಿಗೂ ಕಿವಿ ಕೇಳಿಸುತ್ತಮ್ಮ," ಡಾಕ್ಟರು ಅವಳನ್ನು ಕೂರಿಸಿಕೊಂಡು ಹೇಳಿದರು. "ಸುತ್ತಮುತ್ತ ಕರೆಯೋ ಹೆಸರು ತಲೇಲಿ ಉಳಿದುಬಿಡುತ್ತೆ, ಯಾವಾಗಲೋ ಹೊರಗೆ ಬರುತ್ತೆ. ಮಿಕ್ಕಿದ್ದೆಲ್ಲ ಕಾಕತಾಳೀಯ."

ಆ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಗುಂಡಣ್ಣನ ದಿನದವರೆಗೆ.

ಗುಂಡಣ್ಣ ವಾರ್ಡು ಒರೆಸುವವನು. ಒಳ್ಳೆ ಮೈಕಟ್ಟು, ಜ್ವರ ಎಂದರೆ ಏನೆಂದು ಗೊತ್ತಿಲ್ಲದ ಆಳು. ತನ್ನ ಹೆಸರು ಕೇಳಿದಾಗ ಅವನು ಆರನೇ ಮಂಚದ ಕಾಲ ಬಳಿಯೇ ಬಗ್ಗಿದ್ದ. ಒಂದು ಗಳಿಗೆ ಹಾಗೇ ಇದ್ದು, ಸೊಂಟ ನೆಟ್ಟಗೆ ಮಾಡಿಕೊಂಡು, "ಏನ್ರೀ ಪೇಂಟ್ರೇ, ನನ್ನನ್ನೂ ಲಿಸ್ಟಿಗೆ ಸೇರಿಸಿಬಿಟ್ರಾ? ಇನ್ನೂ ಅರ್ಧ ನೆಲ ಬಾಕಿ ಇದೆ ಮಾರಾಯ್ರೇ!" ಎಂದು ನಕ್ಕ. ಯಾರೂ ನಗಲಿಲ್ಲ. ಬಾಕಿ ಅರ್ಧ ನೆಲವನ್ನು ಅವನು ಬಹಳ ಹೊತ್ತು, ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸಿದ. ಮರುದಿನ ಮುಂಜಾನೆ ಕೆಲಸಕ್ಕೆ ಹೊರಡುವಾಗ, ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಾ ಮುಂದಕ್ಕೆ ವಾಲಿದವನು ಏಳಲಿಲ್ಲ.

ಅಲ್ಲಿಂದ ವಾರ್ಡೇ ಬದಲಾಯಿತು. ಆರನೇ ಮಂಚದ ಸುತ್ತ ಪರದೆ ಎಳೆದರು. ಐದನೆಯವನು, ಏಳನೆಯವನು ಹಟ ಮಾಡಿ ಬೇರೆ ಕಡೆ ಹೋದರು. ಮೂರು ಗಂಟೆಯಾಗುತ್ತಿದ್ದಂತೆ ಒಬ್ಬೊಬ್ಬರೇ ಕಿವಿಗೆ ಹತ್ತಿ ತುರುಕಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. ಹದಿನೆಂಟು ಬೆನ್ನುಗಳ ನಡುವೆ ಹಾದು ಅವಳು ಗಂಡನ ಹತ್ತಿರ ಹೋಗಬೇಕಿತ್ತು.

ಒಂದು ದಿನ ಪರದೆ ಸರಿಸಿದಾಗ ಅವನ ಬಾಯಿಗೆ ಟವೆಲ್ಲು ಬಿಗಿದಿತ್ತು. ಎರಡು ಸುತ್ತು ಸುತ್ತಿ, ಕಿವಿಯ ಹಿಂದೆ ಗಂಟು ಹಾಕಿದ್ದರು. ತುಟಿ ನೀಲಿಗಟ್ಟಿತ್ತು. ಗಂಟು ಬಿಚ್ಚಲು ಉಗುರು ಸಾಲದೆ ಅವಳು ಹಲ್ಲು ಹಾಕಿದಳು. ಬಿಚ್ಚಿದ ಮೇಲೆ ಟವೆಲ್ಲು ಹಿಡಿದುಕೊಂಡು ವಾರ್ಡಿನ ನಡುವೆ ನಿಂತಳು.

"ಯಾರು ಕಟ್ಟಿದ್ದು?"

ಒಬ್ಬ ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಂಡ.

"ಕೇಳಿಸ್ಕೊಳ್ಳಿ ಎಲ್ಲರೂ. ಇವರು ದೆವ್ವಾನೂ ಅಲ್ಲ, ದೇವರೂ ಅಲ್ಲ. ನನ್ನ ಗಂಡ. ನಿಮ್ಮ ಹಾಗೇ ಕಾಯಿಲೆ ಬಿದ್ದು ಮಲಗಿರೋ ಮನುಷ್ಯ. ಉಸಿರಾಡೋಕೆ ಬಿಡಿ."

ಹೀಗೆ ಕೂಗಿದವಳಿಗೆ, ತಿರುಗಿ ಬಂದು ಸ್ಟೂಲಿನ ಮೇಲೆ ಕೂತಾಗ, ಗಂಡನ ಬಲಗೈ ಮುಟ್ಟಲು ಆಗಲಿಲ್ಲ. ಅವಳಿಗೂ ಭಯ. ವಾರದಿಂದಲೂ ಎಡಗೈಯನ್ನೇ ಹಿಡಿದುಕೊಳ್ಳುತ್ತಿದ್ದಳು. ಮಾತು ಆಡಿಸು ಎಂದು ಐದು ತಿಂಗಳು ಮೊಣಕಾಲೂರಿದವಳು ಈಗ, ಆಡಿಸಿದ್ದು ಸಾಕು, ನಿಲ್ಲಿಸು ಎಂದು ಬೇಡಿಕೊಳ್ಳುತ್ತಿದ್ದಳು. ಬೇಡಿಕೊಂಡು ಮುಗಿಸಿದ ಕೂಡಲೇ ನಾಚಿಕೆಯಾಗುತ್ತಿತ್ತು.

ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ಹಿಡಿದು ಎಲ್ಲವನ್ನೂ ಹೇಳಿದಳು. ಅವರು ಸುಮ್ಮನೆ ಕೇಳಿ, ಕನ್ನಡಕ ತೆಗೆದು ಒರೆಸಿದರು.

"ಅದು ಏನು ಅಂತ ನಂಗೆ ಗೊತ್ತಿಲ್ಲಮ್ಮ. ಗೊತ್ತು ಅಂದ್ರೆ ಸುಳ್ಳಾಗುತ್ತೆ. ಆದ್ರೆ ಕೆಟ್ಟದ್ದು ಬಂದು ಹೆದರಬೇಡ ಅನ್ನುತ್ತಾ?"

"ಹೆದರಿಸೋರೂ ಹಾಗೇ ಅಂತಾರೆ ಪಾಸ್ಟ್ರೇ. ಇಂಜೆಕ್ಷನ್ ಕೊಡೋರೂ ಹಾಗೇ ಅಂತಾರೆ."

"ಅದೂ ನಿಜ," ಎಂದರು ಅವರು. ಕನ್ನಡಕ ಮತ್ತೆ ಹಾಕಿಕೊಂಡು, "ನೀನು ದಿನಾ ಹೋಗಿ ಕೂರೋದನ್ನ ಮಾತ್ರ ಬಿಡಬೇಡ. ನಾನೂ ಬಂದು ಕೂರ್ತೀನಿ" ಎಂದರು. ಹೇಳಿದಂತೆ ಬಂದರು ಕೂಡ. ಬಂದ ದಿನ ಏನೂ ಆಗಲಿಲ್ಲ.

ಮನೆಯಲ್ಲಿ ಅತ್ತೆಯ ಕಥೆಯೇ ಬೇರೆ. ಮಗ ಬಿದ್ದ ದಿನದಿಂದ ಅವರು ಪ್ರಾರ್ಥನೆ ಬಿಟ್ಟಿದ್ದರು. ನಂಬಿಕೆ ಹೋಯಿತೆಂದಲ್ಲ. "ದೇವರ ಹತ್ರ ಮಾತು ಬಿಟ್ಟಿದೀನಿ," ಎನ್ನುತ್ತಿದ್ದರು, ಪಕ್ಕದ ಮನೆಯವರ ಜೊತೆ ಜಗಳವಾದಂತೆ. "ಮೊದಲು ಅವನು ಮಾತಾಡಿಸ್ಲಿ. ಆಮೇಲೆ ನೋಡೋಣ." ಊಟಕ್ಕೆ ಮೊದಲು ಸೊಸೆ ಕಣ್ಣು ಮುಚ್ಚಿದರೆ ಅವರು ಬೇಕೆಂದೇ ತಟ್ಟೆ ಸದ್ದು ಮಾಡುತ್ತಿದ್ದರು.

ನಾಲ್ಕನೇ ಸಲ ಕರೆದ ಹೆಸರು ಯಾರಿಗೂ ಗೊತ್ತಿರಲಿಲ್ಲ.

"ಚಿಟ್ಟೆ, ಹೆದರಬೇಡ. ನಾನು ಜೊತೆಗಿದ್ದೀನಿ."

ವಾರ್ಡಿನಲ್ಲಿ ಚಿಟ್ಟೆ ಎನ್ನುವವರು ಯಾರೂ ಇಲ್ಲ. ನರ್ಸುಗಳಲ್ಲಿ ಇಲ್ಲ, ಅಡುಗೆಯವರಲ್ಲಿ ಇಲ್ಲ. ಹತ್ತಿ ತೆಗೆದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಟ್ಟುಸಿರು ಬಿಟ್ಟರು. ಡಾಕ್ಟರ ಮಾತೇ ಸರಿ, ತಲೆಯಲ್ಲಿ ಸಿಕ್ಕಿಕೊಂಡ ಯಾವುದೋ ಹಳೆಯ ಪದ ಎಂದುಕೊಂಡರು.

ಸಂಜೆ ಐದಕ್ಕೆ ಗಾಲಿಕುರ್ಚಿಯೊಂದು ವಾರ್ಡಿನ ಬಾಗಿಲಿಗೆ ಬಂತು. ಹೆಂಗಸರ ವಾರ್ಡಿನ ಟೀಚರಮ್ಮ. ಹೊಟ್ಟೆಯ ಗಡ್ಡೆಯಿಂದ ಕಡ್ಡಿಯಂತಾಗಿದ್ದ, ಎಪ್ಪತ್ತು ದಾಟಿದ ಹೆಂಗಸು. ನರ್ಸುಗಳು ಆಡಿಕೊಳ್ಳುವುದು ಅವರ ಕಿವಿಗೆ ಬಿದ್ದಿತ್ತು. ಆರನೇ ಮಂಚದ ಪಕ್ಕ ಕುರ್ಚಿ ನಿಲ್ಲಿಸಿಕೊಂಡು, ಮಲಗಿದ್ದವನ ಮುಖವನ್ನು ಪಾಠ ಒಪ್ಪಿಸದ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು.

"ಇವರಿಗೆ ನನ್ನ ಪರಿಚಯ ಇತ್ತಾ?"

"ಇಲ್ಲಮ್ಮ. ಇವರು ನಿಮ್ಮನ್ನ ನೋಡೇ ಇಲ್ಲ."

"ನಮ್ಮಪ್ಪ ನನ್ನನ್ನ ಚಿಟ್ಟೆ ಅಂತಿದ್ರು. ನಂಗೆ ಆರು ವರ್ಷ ಆದಾಗ ಅವರು ಹೋದ್ರು. ಆಮೇಲೆ ಯಾರೂ ಹಾಗೆ ಕರೆದಿಲ್ಲ. ನಾನೂ ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ."

ಅವಳು ಸ್ಟೂಲಿನಿಂದ ಎದ್ದು, "ಕ್ಷಮಿಸಿಬಿಡಿ ಅಮ್ಮಾ," ಎಂದು ಕೈ ಮುಗಿಯಲು ಹೋದಳು.

"ಯಾಕಮ್ಮಾ ಕ್ಷಮೆ? ನಾನು ಸಾಯ್ತೀನಿ ಅಂತ ನಂಗೆ ಮಾರ್ಚಿಂದಾನೇ ಗೊತ್ತು. ರಿಪೋರ್ಟ್ ಓದೋಕೆ ಬರುತ್ತೆ ನಂಗೆ." ಟೀಚರಮ್ಮ ಉಸಿರು ಹಿಡಿದುಕೊಳ್ಳಲು ನಿಂತರು. "ನನ್ನ ಭಯ ಅದಲ್ಲ. ಒಬ್ಬಳೇ ಹೋಗಬೇಕಲ್ಲಾ ಅನ್ನೋದು. ಅವತ್ತಿಂದ ದೇವರ ಹತ್ರ ಕೇಳ್ತಿದೀನಿ, ನಾನು ಯಾರು ಅಂತಾದ್ರೂ ನಿಂಗೆ ನೆನಪಿದೆಯಾ ಅಂತ. ಇವತ್ತು ಉತ್ತರ ಬಂತು. ಹೆಸರು ಹಿಡಿದೇ ಬಂತು." ಅವರು ಬಾಗಿ, ಹೊದಿಕೆಯ ಮೇಲಿದ್ದ ಬಲಗೈಯನ್ನು ಎರಡು ಸಲ ತಟ್ಟಿದರು. "ನೀವೆಲ್ಲ ಇವರು ಸಾವು ಕರೀತಾರೆ ಅಂತಿದೀರಿ. ಸಾವಿಗೆ ಕರೆಯೋರು ಬೇಕಾ? ಅದು ತಾನಾಗೇ ಬರುತ್ತೆ."

ಎರಡು ದಿನದ ಮೇಲೆ ಹೆಂಗಸರ ವಾರ್ಡಿನಿಂದ ಹಳದಿ ಚೀಲ ಬಂತು. ಹಿಂದಿನ ರಾತ್ರಿ ಟೀಚರಮ್ಮ ನೋವಿನ ಮಾತ್ರೆ ಇಲ್ಲದೆ ಮಲಗಿದ್ದರಂತೆ, ಮುಖ ಬಹಳ ನಿರಾಳವಾಗಿತ್ತಂತೆ. ಆ ಹಾಸಿಗೆಯ ಬಟ್ಟೆಯನ್ನು ಅವಳು ಆತುರವಿಲ್ಲದೆ ಒಗೆದು ಮಡಚಿದಳು. ಅವತ್ತು ಮೇಲೆ ಹೋಗಿ ಗಂಡನ ಬಲಗೈ ಹಿಡಿದಳು. ಬೆಚ್ಚಗಿತ್ತು. ಬೆರಳ ಸಂದಿಯಲ್ಲಿ ಆರು ತಿಂಗಳ ಸೋಪಿಗೂ ಹೋಗದ ಬಿಳಿ ಬಣ್ಣದ ಗೆರೆ ಹಾಗೇ ಇತ್ತು.

ಅವಳು ಹಿಡಿದಿದ್ದ ಕೈಯೇ ಮರುವಾರ ಅವಳ ಹಿಡಿತದಲ್ಲಿ ಮೇಲೆ ಕೆಳಗೆ ಆಡತೊಡಗಿತು. ಅವಳು ಯಾವುದೋ ಸೋರುವ ಪೈಪಿನ ವಿಷಯ ಹೇಳುತ್ತಿದ್ದಳು.

"ರೇಡಿಯೋ," ಎಂದಿತು ಧ್ವನಿ. "ಹೆದರಬೇಡ. ನಾನು ಜೊತೆಗಿದ್ದೀನಿ."

ಪರದೆಯಾಚೆ ಯಾರೋ, "ಯಾರಂತೆ?" ಎಂದರು. "ಅದೇನೋ ರೇಡಿಯೋ ಅಂದ್ರು. ಮನುಷ್ಯರಲ್ಲ ಬಿಡು," ಎಂದ ಇನ್ನೊಬ್ಬ. ಯಾರೋ ನಕ್ಕರು. ಅವಳು ಆರು ಗಂಟೆಯವರೆಗೆ ಅಲ್ಲೇ ಕೂತು, ಎದ್ದು, ಮನೆಗೆ ನಡೆದಳು.

ಹೇಳಬಾರದು ಎಂದುಕೊಂಡಿದ್ದಳು. ಆದರೆ ಅತ್ತೆ ತಟ್ಟೆ ಇಡುತ್ತಾ, "ಏನೇ, ಇವತ್ತು ಬಾಯಿಗೆ ಬೀಗ?" ಎಂದಾಗ ತಡೆಯಲಾಗಲಿಲ್ಲ. ಅತ್ತೆ ಕೈಯಲ್ಲಿದ್ದ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

"ನಾಳೆ ಕೆಲಸಕ್ಕೆ ಹೋಗಬೇಡ."

"ಮನೇಲಿ ಕೂತ್ರೆ ಬರೋದು ಬರಲ್ವಾ ಅತ್ತೆ? ಗುಂಡಣ್ಣ ಮನೇಲೇ ಅಲ್ವಾ ಹೋಗಿದ್ದು?"

"ಎದುರು ಮಾತಾಡಬೇಡ. ಬಾಗಿಲು ಹಾಕ್ಕೊಂಡು ನನ್ನ ಪಕ್ಕದಲ್ಲಿ ಕೂತ್ಕೋ. ಬರಲಿ, ಯಾರು ಬರ್ತಾರೋ ನಾನೂ ನೋಡ್ತೀನಿ." ಆಮೇಲೆ ಅವರು ಅವಳ ಕೈ ಹಿಡಿದು, ಗೋಡೆಯ ಮೇಲಿನ ಶಿಲುಬೆಯ ಕಡೆ ತಿರುಗಿ, ಆರು ತಿಂಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟರು. "ಮಗನ್ನ ಮಲಗಿಸಿದೀಯ. ಇವಳನ್ನ ಮುಟ್ಟಬೇಡ. ಕೇಳಿಸ್ತಾ? ಇವಳನ್ನ ಮುಟ್ಟಬೇಡ." ಅದನ್ನು ಪ್ರಾರ್ಥನೆ ಎನ್ನಬಹುದಾದರೆ ಅಷ್ಟೇ ಅವರ ಪ್ರಾರ್ಥನೆ.

ಬೆಳಿಗ್ಗೆ ಅವಳು ಕೆಲಸಕ್ಕೆ ಹೋದಳು. ಹೋಗುವ ಮುಂಚೆ ಅತ್ತೆಯ ಔಷಧಿಯನ್ನು ಹೊತ್ತಿನ ಪ್ರಕಾರ ಮೂರು ಬಟ್ಟಲಲ್ಲಿ ಜೋಡಿಸಿಟ್ಟಳು, ಒಣಗಿದ ಬಟ್ಟೆ ತೆಗೆದಿಟ್ಟಳು. ಬೀದಿ ಎಂದಿನಂತೆಯೇ ಇತ್ತು. ರಸ್ತೆ ದಾಟುವಾಗ ಒಂದು ಬಸ್ಸು ಬಹಳ ಹತ್ತಿರ ಹಾದುಹೋಯಿತು. ಇದೇ ಇರಬೇಕು ಎನ್ನಿಸಿತು, ಅದಲ್ಲ. ನೆಲಮಾಳಿಗೆಯಲ್ಲಿ ಎರಡನೇ ಯಂತ್ರದ ಬಾಗಿಲು ಪಟ್ಟನೆ ತೆರೆದುಕೊಂಡು ಅವಳ ಹಣೆಯ ಮುಂದೆ ನಿಂತಿತು. ಅದೂ ಅಲ್ಲ. ಹಬೆಯ ಪೈಪುಗಳು ಅವತ್ತು ಮನುಷ್ಯರಂತೆ ಉಸಿರಾಡುತ್ತಿದ್ದವು. ಮಡಚಿದ ಒಂದೊಂದು ಹೊದಿಕೆಯನ್ನೂ, ಇದು ನನ್ನ ಕೊನೆಯದು ಎಂದುಕೊಂಡೇ ಮೂಲೆಗೆ ಮೂಲೆ ಕೂಡಿಸಿ ಇಟ್ಟಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೇಜಿಗೆ ಹಣೆ ಆನಿಸಿ ನಿಂತಳು. "ಸ್ವಾಮಿ, ಯಾವುದು ನಿನ್ನ ಧ್ವನಿ, ಯಾವುದು ಅಲ್ಲ ಅಂತ ನಂಗೆ ತಿಳಿಯಲ್ಲ. ಅಷ್ಟು ಓದಿಲ್ಲ ನಾನು. ಇವರು ಬಿದ್ದ ದಿನದಿಂದ ನೀನು ನನಗೆ ಏನೂ ಸರಿಯಾಗಿ ಹೇಳಿಲ್ಲ. ಆದ್ರೂ ನಿನ್ನ ಬಿಟ್ಟು ಬೇರೆ ಯಾರ ಹತ್ರ ಹೋಗಲಿ? ಕರೆದ್ರೆ ಬರ್ತೀನಿ. ಅತ್ತೆ ಮಂಡಿ ನೋವಿಗೆ ರಾತ್ರಿ ಎಣ್ಣೆ ಹಚ್ಚಬೇಕು, ಅದಕ್ಕೆ ಯಾರನ್ನಾದ್ರೂ ಇಡು." ಇಷ್ಟು ಹೇಳಿ ಅವಳು ಹಣೆ ಎತ್ತಿದಳು. ಭಯ ಪೂರ್ತಿ ಹೋಗಲಿಲ್ಲ. ಜೊತೆಗೆ ಒಂದು ಸಮಾಧಾನವೂ ಬಂದು ಕೂತಿತು, ಅಷ್ಟೇ.

ಮೂರು ಗಂಟೆಗೆ ಮೇಲೆ ಹೋದಳು. ಪರದೆಯೊಳಗೆ ಅತ್ತೆ ಕೂತಿದ್ದರು. ಮಂಡಿ ಹಿಡಿದುಕೊಂಡು ಅಷ್ಟೂ ಮೆಟ್ಟಿಲು ಹತ್ತಿ ಬಂದಿದ್ದರು. "ಬದುಕಿದೀಯಲ್ಲ," ಎಂದರು, ಬೈಯುವ ದನಿಯಲ್ಲಿ.

ಮೂರು ಹತ್ತಾಯಿತು. ಕೈ ಅಲುಗಲಿಲ್ಲ. ಅವಳು ಅದನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡಳು. ಇಪ್ಪತ್ತಾಯಿತು, ಇಪ್ಪತ್ತೈದಾಯಿತು. ಆಮೇಲೆ ಅವನ ಉಸಿರು ಬದಲಾದದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ದೊಡ್ಡ ದೊಡ್ಡ ಅಂತರ. ಅತ್ತೆ ನರ್ಸನ್ನು ಕೂಗಿದರು. ಅವಳು ಮಾತ್ರ ಬಾಗಿ, ಗಂಡನ ಕಿವಿಯ ಹತ್ತಿರ ಮಾತಾಡುತ್ತಲೇ ಹೋದಳು. ಪೈಪು ರಿಪೇರಿಯಾದದ್ದು, ಬೆಳಗಿನ ಬಸ್ಸು, ಅಮ್ಮ ಮೆಟ್ಟಿಲು ಹತ್ತಿ ಬಂದದ್ದು. ಅವನ ಬೆರಳು ಅವಳ ಅಂಗೈಯ ಮೇಲೆ ಒಂದು ಸಲ, ಮೆತ್ತಗೆ, ಕೆಳಗಿನಿಂದ ಮೇಲಕ್ಕೆ ಎಳೆಯಿತು. ಮತ್ತೆ ಕೆಳಗೆ ಬರಲಿಲ್ಲ.

ಹೋಗುವವನು ಅವನು ಎಂದು, ಹೆದರಬೇಡ ಎಂದು ಹೇಳಿಸಿಕೊಂಡವಳು ಉಳಿಯುವವಳು ಎಂದು, ಅವಳಿಗೆ ಅರ್ಥವಾದದ್ದು ಆಗ. ಮಣ್ಣು ಮಾಡುವಾಗ ಅವಳು ಕುಸಿದು ಬೀಳಲಿಲ್ಲ. ಕುಸಿದದ್ದು ಅತ್ತೆ. ಸಮಾಧಿಯಿಂದ ಮನೆಯವರೆಗೂ ಅವರು ದೇವರನ್ನು ಬಾಯಿಗೆ ಬಂದಂತೆ ಬೈದರು. ಮರುದಿನವೂ ಬೈದರು. ದಿನಾ ಬೆಳಿಗ್ಗೆ ಶಿಲುಬೆಯ ಮುಂದೆ ಕೂತು ಅರ್ಧ ಗಂಟೆ ಜಗಳ. ಪಾಸ್ಟರಿಗೆ ಈ ವಿಷಯ ಹೇಳಿದಾಗ ಅವರು, "ಮಾತು ಶುರುವಾಯ್ತಲ್ಲ, ಬಿಡಮ್ಮ," ಎಂದರು.

ಚಳಿಗಾಲ ಬರುವ ಹೊತ್ತಿಗೆ ಅವಳು ನೆಲಮಾಳಿಗೆಯ ಕೆಲಸ ಬಿಟ್ಟು ವಾರ್ಡಿನ ಆಯಾ ಆಗಿ ಸೇರಿದಳು. ತಾನಾಗಿ ಕೇಳಿ ಪಡೆದ ಕೆಲಸ. ಯಾರೂ ನೋಡಲು ಬಾರದ ರೋಗಿಗಳ ಪಕ್ಕ, ಸಮಯ ಸಿಕ್ಕಾಗಲೆಲ್ಲ ಸ್ಟೂಲು ಎಳೆದುಕೊಂಡು ಕೂತು ಹರಟುತ್ತಿದ್ದಳು. ನರ್ಸುಗಳು ಬೈದುಕೊಂಡರೂ ತಡೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಎರಡು ದಿನದಿಂದ ಕಣ್ಣೇ ತೆರೆಯದಿದ್ದ ಹೂವಿನ ಅಂಗಡಿಯ ಹೆಂಗಸು ಕಣ್ಣು ಬಿಟ್ಟು ಅವಳನ್ನು ನೋಡಿದಳು. ನೋಟ ಅವಳ ಹೆಗಲ ಮೇಲಿಂದ ಹಿಂದಕ್ಕೆ ಹೋಗಿ ಅಲ್ಲೇ ನಿಂತಿತು.

"ನಿನ್ನ ಹಿಂದೆ ನಿಂತಿರೋರು ಯಾರಮ್ಮ?"

ಅವಳ ಹಿಂದೆ ಗೋಡೆ ಇತ್ತು. ಸ್ಟೂಲಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ. ಕುತ್ತಿಗೆಯ ಹಿಂಭಾಗ ತಣ್ಣಗಾಯಿತು. ಅವಳು ತಿರುಗಲಿಲ್ಲ.

"ಏನ್ ಮಾಡ್ತಿದಾರೆ?" ಎಂದು ಕೇಳಿದಳು.

"ಏನಿಲ್ಲ. ಸುಮ್ನೆ ನಿಂತಿದಾರೆ. ನನ್ನನ್ನೇ ನೋಡ್ತಿದಾರೆ."

"ಭಯ ಆಗ್ತಿದೆಯಾ?"

ಹೆಂಗಸು ಆ ಕಡೆ ಇನ್ನೊಮ್ಮೆ ನೋಡಿದಳು. "ಇಲ್ಲ," ಎಂದಳು, ತನಗೇ ಆಶ್ಚರ್ಯವಾದವಳಂತೆ.

"ಹಾಗಾದ್ರೆ ನಿಂತಿರಲಿ ಬಿಡಿ," ಎಂದು ಅವಳು ಹೊದಿಕೆಯನ್ನು ಹೆಂಗಸಿನ ಭುಜದವರೆಗೆ ಎಳೆದು, ಒಣಗಿದ ತುಟಿಗೆ ನೀರು ಹಚ್ಚಲು ಹತ್ತಿಯನ್ನು ಅದ್ದಿದಳು.